ಥ್ರೆಡ್ ಕೂತರೆ ಸಾಕಾ? ಫಿಲಂ ಕ್ಯಾಮೆರಾಗೆ ವಿಡಿಯೊ ಲೆನ್ಸ್ ಹಾಕುವ ಮುಂಚೆ

ಹಳೆಯ 16 ಎಂಎಂ ಫಿಲಂ ಕ್ಯಾಮೆರಾ ಕೈಗೆ ಸಿಕ್ಕವರ ಪಾಡು ಸಾಮಾನ್ಯವಾಗಿ ಒಂದೇ. ಬಾಡಿ ಚೆನ್ನಾಗಿರುತ್ತದೆ, ಸ್ಪ್ರಿಂಗ್ ಸುತ್ತಿದರೆ ಗಿರಗಿರ ಓಡುತ್ತದೆ, ಲೆನ್ಸ್ ಮಾತ್ರ ಇರುವುದಿಲ್ಲ. ಯಾರೋ ಎಂದೋ ಬಿಚ್ಚಿ ಮಾರಿರುತ್ತಾರೆ. ಆ ಕ್ಯಾಮೆರಾಗೆಂದೇ ಮಾಡಿದ ಲೆನ್ಸ್ ಹುಡುಕಿಕೊಂಡು ಹೋದರೆ ಬೆಲೆ ಕೇಳಿ ವಾಪಸ್ ಬರಬೇಕು. ಅಷ್ಟರಲ್ಲಿ ಕಣ್ಣಿಗೆ ಬೀಳುವುದು ಹಳೆಯ ಸಿಸಿಟಿವಿ, ಟಿವಿ ಕ್ಯಾಮೆರಾಗಳಿಂದ ಬಿಚ್ಚಿದ ಲೆನ್ಸ್‌ಗಳು: ಕಾಸ್ಮಿಕಾರ್, ಕಂಪ್ಯೂಟಾರ್, ಫ್ಯೂಜಿನಾನ್. ಎಫ್ 1.4 ಅಂತ, ಅಂದರೆ ತುಂಬಾ ಬೆಳಕು ಒಳಗೆ ಬಿಡುತ್ತದೆ ಅಂತ, ಬರೆದಿರುತ್ತದೆ, ಬೆಲೆಯೂ ಕಡಿಮೆ. ತಂದು ತಿರುಗಿಸಿದರೆ ಕ್ಯಾಮೆರಾಗೆ ಸಲೀಸಾಗಿ ಕೂತೇಬಿಡುತ್ತದೆ.

ಕೂರುತ್ತದೆ, ನಿಜ. ಸರಿಯಾದ ಚಿತ್ರ ಬರುತ್ತದೋ ಇಲ್ಲವೋ ಅನ್ನುವುದು ಬೇರೆ ವಿಷಯ. ಲೆನ್ಸ್ ಕೊಳ್ಳುವಾಗ ನಾವೆಲ್ಲ ಅದರ ಮುಂದಿನ ಗಾಜನ್ನೇ ನೋಡುತ್ತೇವೆ. ಈ ಜೋಡಣೆಯಲ್ಲಿ ನೋಡಬೇಕಾದ್ದು ಹಿಂದೆ ಏನಿದೆ ಅನ್ನುವುದನ್ನು: ಎಷ್ಟು ದೊಡ್ಡ ಚಿತ್ರ ಬೀಳುತ್ತದೆ, ಎಷ್ಟು ದೂರದಲ್ಲಿ ಬೀಳುತ್ತದೆ, ನಡುವೆ ಗಾಜು ಇದೆಯೋ ಇಲ್ಲವೋ.

ಮೊದಲು, ಥ್ರೆಡ್ ಯಾಕೆ ಹೊಂದುತ್ತದೆ ಅಂತ ನೋಡೋಣ. 1923ರಲ್ಲಿ ಕೊಡಕ್ 16 ಎಂಎಂ ಫಿಲಂ ತಂದಿತು. ಆ ಅಳತೆಯ ಕ್ಯಾಮೆರಾಗಳಲ್ಲಿ ಅಮೆರಿಕದ ಬೆಲ್ ಅಂಡ್ ಹೋವೆಲ್ ಕಂಪನಿಯ ಕಡೆಯಿಂದ ಬಂದ ಒಂದು ಥ್ರೆಡ್ ಬೇರೆಯವರಿಗೂ ಹಿಡಿಸಿತು. ಅದೇ ಸಿ ಮೌಂಟ್ (ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆ). ಅಗಲ ಒಂದು ಇಂಚು, ಇಂಚಿಗೆ 32 ಸುತ್ತು. ಸ್ವಿಟ್ಜರ್ಲೆಂಡ್‌ನ ಸೇಂಟ್ ಕ್ರೋವಾದಲ್ಲಿ ಪೈಯಾರ್ ಕಂಪನಿ 1935ರಲ್ಲಿ ತಂದ ಬೋಲೆಕ್ಸ್ ಎಚ್16 ಕೂಡ ಇದನ್ನೇ ಬಳಸಿತು. ಆಮೇಲೆ 1950ರ ಹೊತ್ತಿಗೆ ಆರ್‌ಸಿಎ ಕಂಪನಿಯ ವಿಡಿಕಾನ್ ಅನ್ನುವ ಪುಟ್ಟ ಟಿವಿ ಟ್ಯೂಬ್ ಬಂತು. ಅದರೊಳಗೆ ಚಿತ್ರ ಬೀಳುವ ಜಾಗ ಹೆಚ್ಚುಕಡಿಮೆ 16 ಎಂಎಂ ಫ್ರೇಮಿನಷ್ಟೇ. ಲೆನ್ಸ್‌ಗಳು ಆಗಲೇ ಮಾರುಕಟ್ಟೆಯಲ್ಲಿದ್ದವು, ಹೊಸ ಮೌಂಟ್ ಯಾಕೆ ಬೇಕು? ಟಿವಿ ಕ್ಯಾಮೆರಾಗಳೂ ಸಿ ಮೌಂಟ್ ಹಾಕಿಕೊಂಡವು. ಅಂದರೆ ಮೊದಲು ಫಿಲಂ ಲೆನ್ಸ್ ವಿಡಿಯೊ ಕಡೆಗೆ ಹೋಗಿತ್ತು. ಈಗ ನಾವು ಅದೇ ದಾರಿಯಲ್ಲಿ ಉಲ್ಟಾ ಬರುತ್ತಿದ್ದೇವೆ ಅಷ್ಟೆ.

ಆದರೆ ವಿಡಿಯೊ ಮುಂದೆ ಹೋದ ಹಾಗೆಲ್ಲ ಚಿತ್ರದ ಜಾಗ ಕುಗ್ಗುತ್ತಾ ಹೋಯಿತು, ಫಿಲಂ ಫ್ರೇಮ್ ಇದ್ದಷ್ಟೇ ಉಳಿಯಿತು. ಮೊದಲ ಪೆಟ್ಟು ಬೀಳುವುದು ಇಲ್ಲೇ.

ಲೆನ್ಸ್ ಒಳಗೆ ಬಿಡುವುದು ದುಂಡಗಿನ ಚಿತ್ರ. ಫ್ರೇಮು ಚೌಕ. ಚೌಕದ ನಾಲ್ಕು ಮೂಲೆಯೂ ಆ ದುಂಡಿನ ಒಳಗೆ ಬರಬೇಕು, ಇಲ್ಲದಿದ್ದರೆ ಮೂಲೆ ಕಪ್ಪು. ಆದ್ದರಿಂದ ನೋಡಬೇಕಾದ ಅಳತೆ ಫ್ರೇಮಿನ ಕರ್ಣ. ಮಾಮೂಲಿ 16 ಎಂಎಂ ಫ್ರೇಮ್ 10.26 x 7.49 ಮಿ.ಮೀ., ಕರ್ಣ ಸುಮಾರು 12.7. ಅದೇ ಫಿಲಂ ಮೇಲೆ ಫ್ರೇಮಿನ ಅಗಲ ಜಾಸ್ತಿ ಮಾಡಿದ ಸೂಪರ್ 16 ಆದರೆ 12.52 x 7.41, ಕರ್ಣ 14.5. 8 ಎಂಎಂ ಫಿಲಂನ ಸೂಪರ್ 8ರ ಕರ್ಣ ಬರೀ 7 ಮಿ.ಮೀ.

ವಿಡಿಯೊ ಕಡೆಯ ಲೆಕ್ಕ ಸ್ವಲ್ಪ ತಲೆ ತಿನ್ನುತ್ತದೆ. ಲೆನ್ಸ್ ಮೇಲೆ '1 ಇಂಚು', '2/3 ಇಂಚು', '1/2 ಇಂಚು' ಅಂತ ಬರೆದಿರುತ್ತಾರೆ. ಅದು ಚಿತ್ರದ ಅಳತೆ ಅಲ್ಲ. ಹಳೆ ಗಾಜಿನ ಟ್ಯೂಬಿನ ಹೊರಸುತ್ತಿನ ಅಗಲ! ಟ್ಯೂಬ್ ಹೋಗಿ ಚಿಪ್ ಬಂದು ದಶಕಗಳೇ ಕಳೆದರೂ ಹೆಸರು ಹಾಗೇ ಉಳಿದಿದೆ. ನಿಜವಾಗಿ 1 ಇಂಚಿನದ್ದರ ಕರ್ಣ 16 ಮಿ.ಮೀ., 2/3ರದ್ದು 11, 1/2ರದ್ದು 8, 1/3ರದ್ದು 6.

ಈಗ ಎರಡನ್ನೂ ಪಕ್ಕಪಕ್ಕ ಇಡಿ. 1 ಇಂಚಿನ ಲೆನ್ಸ್‌ಗೆ 16 ಎಂಎಂ ಫ್ರೇಮ್ ಸುಲಭ, ಸೂಪರ್ 16 ಕೂಡ ಒಳಗೇ ಬರುತ್ತದೆ. 2/3 ಇಂಚಿನದ್ದೇ ಗೊಂದಲದ ಗಿರಾಕಿ. ಅದರ 11 ಮಿ.ಮೀ. ದುಂಡಿನಲ್ಲಿ 10.26 ಅಗಲದ ಫ್ರೇಮಿನ ಎಡಬಲ ಅಂಚು ಹೇಗೋ ಹಿಡಿಸುತ್ತದೆ, ಮೂಲೆಗಳು ಹೊರಗೆ ಉಳಿಯುತ್ತವೆ. ಸೂಪರ್ 16ರಲ್ಲಾದರೆ ಅಂಚುಗಳೇ ಹೋಗುತ್ತವೆ. ಬಾಡಿಯನ್ನು ಸೂಪರ್ 16ಕ್ಕೆ ಮಾರ್ಪಡಿಸುವಾಗ ಲೆನ್ಸ್ ಮೌಂಟನ್ನು ಹೊಸ ಫ್ರೇಮಿನ ನಡುವಿಗೆ ಸರಿಸದೆ ಬಿಟ್ಟಿದ್ದರೆ ಒಂದು ಕಡೆ ಇನ್ನೂ ಜಾಸ್ತಿ ಕಪ್ಪು, ಯಾಕೆಂದರೆ ಫ್ರೇಮ್ ಬೆಳೆಯುವುದು ಒಂದೇ ಪಕ್ಕಕ್ಕೆ.

ಇದಕ್ಕೆ ಒಂದು ವಿನಾಯಿತಿ ಇದೆ. ಕಂಪನಿ ಬರೆಯುವುದು ಇಷ್ಟಾದರೂ ಖಂಡಿತ ಬೀಳುತ್ತದೆ ಅನ್ನುವ ಅಳತೆ. ಉದ್ದ ಫೋಕಲ್ ಲೆಂತ್‌ನ ಲೆನ್ಸ್‌ಗಳು, ಅಂದರೆ ದೂರದ್ದನ್ನು ಹತ್ತಿರ ತೋರಿಸುವ 50, 75 ಮಿ.ಮೀ. ಥರದವು, ಅದಕ್ಕಿಂತ ದೊಡ್ಡ ಚಿತ್ರವನ್ನೇ ಬಿಡುವುದು ಮಾಮೂಲು. 2/3 ಇಂಚು ಅಂತ ಬರೆದ 50 ಮಿ.ಮೀ. ಲೆನ್ಸ್ 16 ಎಂಎಂ ಪೂರ್ತಿ ತುಂಬಿದರೆ ಆಶ್ಚರ್ಯ ಇಲ್ಲ. 6.5 ಮಿ.ಮೀ. ವೈಡ್ ಲೆನ್ಸ್ ಹತ್ತಿರ ಅಂಥ ಧಾರಾಳ ನಿರೀಕ್ಷಿಸಬೇಡಿ. ಝೂಮ್ ಆದರೆ ಟೆಲಿ ಕಡೆ ಸರಿ ಇದ್ದು ವೈಡ್‌ಗೆ ಬಂದಾಗ ಮೂಲೆ ಕತ್ತರಿಸುತ್ತದೆ. ಪರೀಕ್ಷೆಯನ್ನು ಅಪರ್ಚರ್ (ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು ಮಾತ್ರ ಮಾಡಿದರೆ ಮೋಸ ಹೋಗುವ ಸಾಧ್ಯತೆ ಇದೆ. ಆಗ ಮೂಲೆ ನಿಧಾನವಾಗಿ ಮಬ್ಬಾಗುತ್ತದೆ, 'ಪರವಾಗಿಲ್ಲ' ಅನ್ನಿಸುತ್ತದೆ. ಎಫ್ 8ಕ್ಕೆ ಮುಚ್ಚಿದಾಗ ಅದೇ ಜಾಗದಲ್ಲಿ ಕತ್ತರಿ ಹಾಕಿದ ಹಾಗೆ ಕಪ್ಪು ಗೆರೆ ಬರುತ್ತದೆ.

ಕ್ಯಾಮೆರಾಗೆ ಹಾಕದೆಯೇ ಇದನ್ನು ನೋಡಬಹುದು. ಹಗಲು ಹೊತ್ತು, ಕೋಣೆಯ ಒಳಗೆ ನಿಂತು ಲೆನ್ಸನ್ನು ಕಿಟಕಿ ಕಡೆ ಹಿಡಿಯಿರಿ. ಹಿಂದುಗಡೆ ಒಂದು ಟ್ರೇಸಿಂಗ್ ಪೇಪರ್. ಪೇಪರನ್ನು ಹಿಂದೆ ಮುಂದೆ ಸರಿಸಿದರೆ ಎದುರು ಮನೆಯ ನೀರಿನ ಟ್ಯಾಂಕ್, ತಂತಿ, ತೆಂಗಿನ ಗರಿ ತಲೆಕೆಳಗಾಗಿ ಸ್ಪಷ್ಟವಾಗಿ ಬಂದು ಕೂರುತ್ತವೆ. ಪೇಪರಿನ ಮೇಲೆ ಮೊದಲೇ 10.26 x 7.49ರ ಚೌಕ ಗೀಚಿಟ್ಟಿದ್ದರೆ ಅದು ದುಂಡಿನೊಳಗೆ ಕೂರುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅಂಗಡಿಯವನ ಎದುರಿಗೇ ಮಾಡಬಹುದಾದ ಪರೀಕ್ಷೆ ಇದು.

ಇನ್ನು ದೂರದ ವಿಷಯ. ನನ್ನ ಪ್ರಕಾರ ಜನ ಜಾಸ್ತಿ ಎಡವುವುದು ಇಲ್ಲೇ. ಸಿ ಮೌಂಟ್‌ನಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲಂವರೆಗಿನ ಅಂತರ 17.526 ಮಿ.ಮೀ. ಸಿಸಿಟಿವಿಯವರು ಆಮೇಲೆ ಸಿಎಸ್ ಮೌಂಟ್ ಅಂತ ಇನ್ನೊಂದು ಮಾಡಿದರು. ಥ್ರೆಡ್ ಅದೇ, ಅಗಲ ಅದೇ, ನೋಡಿದರೆ ವ್ಯತ್ಯಾಸವೇ ತಿಳಿಯದು. ಅಂತರ ಮಾತ್ರ 12.526, ಅಂದರೆ ಸರಿಯಾಗಿ 5 ಮಿ.ಮೀ. ಕಡಿಮೆ. ಸಿ ಲೆನ್ಸನ್ನು ಸಿಎಸ್ ಕ್ಯಾಮೆರಾಗೆ ಹಾಕಲು 5 ಮಿ.ಮೀ. ರಿಂಗ್ ಸಾಕು. ನಮಗೆ ಬೇಕಾದ್ದು ಅದರ ಉಲ್ಟಾ. ಸಿಎಸ್ ಲೆನ್ಸನ್ನು ಸಿ ಮೌಂಟ್ ಫಿಲಂ ಕ್ಯಾಮೆರಾಗೆ ಹಾಕಿದರೆ ಅದು ಫಿಲಂನಿಂದ 5 ಮಿ.ಮೀ. ಜಾಸ್ತಿ ದೂರ ನಿಲ್ಲುತ್ತದೆ. ಮೂಗಿನ ಹತ್ತಿರ ಇಟ್ಟ ಹೂವು ಫೋಕಸ್ ಆಗಬಹುದು, ಅದರ ಆಚೆ ಏನೂ ಇಲ್ಲ. ಯಾವ ಅಡಾಪ್ಟರ್‌ನಿಂದಲೂ ಇದನ್ನು ಸರಿ ಮಾಡಲು ಆಗದು, ಯಾಕೆಂದರೆ ಅಡಾಪ್ಟರ್ ದೂರವನ್ನು ಕೂಡಿಸಬಲ್ಲದೇ ಹೊರತು ಕಳೆಯಲಾರದು. 1/2 ಮತ್ತು 1/3 ಇಂಚಿನ ಲೆನ್ಸ್‌ಗಳಲ್ಲಿ ಸಿಎಸ್ ಬಹಳ. ಕೇಳಿಯೇ ಕೊಳ್ಳಿ.

ಅಂತರ ಸರಿಯಾಗಿ ಸಿ ಆಗಿದ್ದರೂ ಕೆಲಸ ಮುಗಿಯಲಿಲ್ಲ. ವಿಡಿಯೊ ಕ್ಯಾಮೆರಾಗಳಲ್ಲಿ ಬ್ಯಾಕ್ ಫೋಕಸ್ ಅಂತ ಒಂದು ಸ್ಕ್ರೂ ಇರುತ್ತದೆ. ಲೆನ್ಸ್ ಸ್ವಲ್ಪ ಆಚೀಚೆ ಇದ್ದರೆ ಟಿವಿ ಪರದೆ ನೋಡಿಕೊಂಡು ಆ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಅಗ್ಗದ ಸಿಸಿಟಿವಿ ಲೆನ್ಸ್‌ಗಳಲ್ಲಿ ಈ ಅಂತರ ಚೂರು ಹೆಚ್ಚುಕಡಿಮೆ ಆದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಫಿಲಂ ಕ್ಯಾಮೆರಾದಲ್ಲಿ ಆ ಸ್ಕ್ರೂ ಇಲ್ಲ.

ಚೂರು ಅಂದರೆ ಎಷ್ಟು? ಲೆಕ್ಕ ಸುಲಭ. ಫೋಕಲ್ ಲೆಂತ್ ಅನ್ನು ಅದರಿಂದಲೇ ಗುಣಿಸಿ, ಅಂತರದ ತಪ್ಪಿನಿಂದ ಭಾಗಿಸಿ. 10 ಮಿ.ಮೀ. ಲೆನ್ಸ್ 0.02 ಮಿ.ಮೀ. ಮುಂದಕ್ಕೆ ಕೂತಿದೆ ಅನ್ನಿ. ನೂರನ್ನು 0.02ರಿಂದ ಭಾಗಿಸಿದರೆ 5000 ಮಿ.ಮೀ., ಅಂದರೆ 5 ಮೀಟರ್. ಲೆನ್ಸ್ ಇನ್ಫಿನಿಟಿ (ಅತಿ ದೂರ) ಗುರುತಿನಲ್ಲಿ ಇದ್ದರೂ ಫೋಕಸ್ ಇರುವುದು 5 ಮೀಟರ್ ದೂರಕ್ಕೆ. ನಾವು ಬರೆಯುವ ಎ4 ಹಾಳೆಯ ದಪ್ಪವೇ ಸುಮಾರು 0.1 ಮಿ.ಮೀ., ಅದರ ಐದನೇ ಒಂದು ಪಾಲು ಸಾಕು ಅಂತಾಯಿತು. ಅದೇ ತಪ್ಪು 75 ಮಿ.ಮೀ. ಲೆನ್ಸ್‌ನಲ್ಲಿ ಆದರೆ ಲೆಕ್ಕ 280 ಮೀಟರ್‌ಗೆ ಹೋಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ವೈಡ್ ಲೆನ್ಸ್‌ನಲ್ಲಿ ಎಲ್ಲವೂ ಫೋಕಸ್‌ನಲ್ಲೇ ಇರುತ್ತದೆ ಅಂತ ನಂಬಿದವರಿಗೆ ಇದು ಉಲ್ಟಾ ಕಾಣಬಹುದು. ಲೆನ್ಸ್‌ನ ಮುಂದಿನ ಲೋಕದಲ್ಲಿ ಆ ಮಾತು ನಿಜ, ಹಿಂದೆ ಅಲ್ಲ.

ತಪ್ಪು ಯಾವ ಕಡೆಗೆ ಅನ್ನುವುದೂ ಮುಖ್ಯ. ಲೆನ್ಸ್ ಫಿಲಂಗೆ ಸ್ವಲ್ಪ ಹತ್ತಿರ ಕೂತರೆ ಇನ್ಫಿನಿಟಿ ದಾಟಿ ಫೋಕಸ್ ಹೋಗುತ್ತದೆ. ರಿಂಗಿನ ಗುರುತುಗಳು ಸುಳ್ಳು ಹೇಳುತ್ತವೆ, ಆದರೆ ಕಣ್ಣಿನಿಂದ ನೋಡಿ ಫೋಕಸ್ ಮಾಡಬಹುದು. ಶಿಮ್ ಅನ್ನುವ ತೆಳು ಬಿಲ್ಲೆ ನಡುವೆ ಹಾಕಿ ಸರಿ ಮಾಡಲೂಬಹುದು. ದೂರ ಕೂತರೆ ಹಾಗಲ್ಲ, ಯಾರಾದರೂ ಲೇತ್‌ನವರ ಹತ್ತಿರ ಒಯ್ದು ಲೋಹ ಕೆರೆಸಬೇಕು. ಝೂಮ್ ಲೆನ್ಸ್ ಆದರೆ ಕಷ್ಟ ದುಪ್ಪಟ್ಟು. ಟೆಲಿಯಲ್ಲಿ ಫೋಕಸ್ ಮಾಡಿ ವೈಡ್‌ಗೆ ಎಳೆದರೆ ಚಿತ್ರ ಮಂಜಾಗುತ್ತದೆ. ಸಿಸಿಟಿವಿಯಲ್ಲಿ ವೇರಿಫೋಕಲ್ ಅಂತ ಬರುವ ಅಗ್ಗದ ಲೆನ್ಸ್‌ಗಳಂತೂ ಅಂತರ ಸರಿ ಇದ್ದರೂ ಹಾಗೇ ಆಗುತ್ತವೆ. ಒಮ್ಮೆ ಹೊಂದಿಸಿ ಗೋಡೆಗೆ ಹಾಕಿಬಿಡುವ ಕ್ಯಾಮೆರಾಗೆ ಮಾಡಿದ ಲೆನ್ಸ್ ಅದು. ಶಾಟ್ ನಡುವೆ ಝೂಮ್ ಎಳೆಯುವ ಆಸೆ ಇಟ್ಟುಕೊಳ್ಳಬೇಡಿ.

ಈಗ ಬೋಲೆಕ್ಸ್‌ನದ್ದೇ ಒಂದು ವಿಶೇಷ. 1956ರಲ್ಲಿ ಬಂದ ರಿಫ್ಲೆಕ್ಸ್ ಮಾಡೆಲ್‌ನಲ್ಲಿ ಲೆನ್ಸ್ ಮತ್ತು ಫಿಲಂ ನಡುವೆ ಒಂದು ಗಾಜಿನ ಪ್ರಿಸಂ ಇದೆ. ಅದು ಬೆಳಕಿನ ಒಂದು ಪಾಲನ್ನು ವ್ಯೂಫೈಂಡರ್ ಕಡೆಗೆ ತಿರುಗಿಸುತ್ತದೆ. ಉಳಿದದ್ದು ಗಾಜಿನ ಮೂಲಕ ಹಾದು ಫಿಲಂಗೆ ಹೋಗುತ್ತದೆ. ಗಾಜಿನ ದಪ್ಪ 9.5 ಮಿ.ಮೀ. ಅಷ್ಟು ಗಾಜು ದಾಟುವಾಗ ಫೋಕಸ್ ಆಗುವ ಜಾಗ ಸುಮಾರು 3.2 ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಬಿಂದಿಗೆ ತಳದಲ್ಲಿರುವ ನಾಣ್ಯ ಇರುವ ಜಾಗಕ್ಕಿಂತ ಮೇಲೆ ಕಾಣುತ್ತದಲ್ವಾ, ಅದೇ ಕಾರಣ. ಕಂಪನಿಯವರು ಇದನ್ನು ಲೆಕ್ಕ ಹಾಕಿ ಆ ಕ್ಯಾಮೆರಾದ ಅಂತರವನ್ನೇ 20.76 ಮಿ.ಮೀ.ಗೆ ಇಟ್ಟರು. ಆದ್ದರಿಂದ ಮಾಮೂಲಿ ಸಿ ಲೆನ್ಸ್ ಹಾಕಿದರೂ ಫೋಕಸ್ ಸರಿಯಾದ ಜಾಗಕ್ಕೇ ಬೀಳುತ್ತದೆ. ಈ ಅಂತರ ಅಳೆದು 'ಕ್ಯಾಮೆರಾ ಕೆಟ್ಟಿದೆ' ಅಂತ ಶಿಮ್ ತೆಗೆಸಲು ಹೋಗಬೇಡಿ.

ಆದರೆ ಬೆಳಕಿನ ಎಲ್ಲ ಕಿರಣಗಳೂ ಒಂದೇ ಅಳತೆಯಲ್ಲಿ ಸರಿಯುವುದಿಲ್ಲ. ನೇರವಾಗಿ ಬರುವ ಕಿರಣ ಒಂದಷ್ಟು ಸರಿದರೆ, ಓರೆಯಾಗಿ ಬರುವುದು ಇನ್ನಷ್ಟು ಸರಿಯುತ್ತದೆ. ಎಫ್ 1.4ರಲ್ಲಿ ಲೆನ್ಸ್‌ನ ಅಂಚಿನಿಂದ ಬರುವ ಕಿರಣಗಳು ತುಂಬಾ ಓರೆ. ಅವು ಬೇರೆ ಕಡೆ ಸೇರುತ್ತವೆ, ಚಿತ್ರಕ್ಕೆ ಒಂದು ಮಸುಕು ಬರುತ್ತದೆ. ಅದಕ್ಕೇ ಬೋಲೆಕ್ಸ್ ಜೊತೆ ಬರುತ್ತಿದ್ದ ಸ್ವಿಟಾರ್ ಲೆನ್ಸ್‌ಗಳಲ್ಲಿ ಆರ್‌ಎಕ್ಸ್ ಅಂತ ಬೇರೆ ಸಾಲು ಮಾಡಿದರು, ಪ್ರಿಸಂನ ಗಾಜನ್ನೂ ಲೆನ್ಸ್‌ನ ಭಾಗ ಅಂತಲೇ ಲೆಕ್ಕ ಹಾಕಿ. 10ರಿಂದ 50 ಮಿ.ಮೀ.ವರೆಗಿನವಕ್ಕೆ ಆರ್‌ಎಕ್ಸ್ ಗುರುತು ಇರುತ್ತದೆ, ಅದಕ್ಕಿಂತ ಉದ್ದದವಕ್ಕೆ ಬೇಕಾಗಲಿಲ್ಲ. ನಮ್ಮ ಟಿವಿ ಲೆನ್ಸ್‌ಗೆ ಈ ಪ್ರಿಸಂ ವಿಷಯವೇ ಗೊತ್ತಿಲ್ಲ. ಎಫ್ 4ರ ಸುತ್ತಮುತ್ತ ಮುಚ್ಚಿದರೆ ಮಸುಕು ಹೆಚ್ಚುಕಡಿಮೆ ಮಾಯ. ಎಫ್ 1.4ಕ್ಕೆಂದೇ ದುಡ್ಡು ಕೊಟ್ಟು ಎಫ್ 4ರಲ್ಲಿ ಬಳಸುವುದು ಸ್ವಲ್ಪ ಹೊಟ್ಟೆ ಉರಿಯುವ ವಿಷಯವೇ. ಹಳೆಯ, ಪ್ರಿಸಂ ಇಲ್ಲದ ಎಚ್16ನಲ್ಲಿ ಈ ರಗಳೆ ಇಲ್ಲ. ಅಲ್ಲಿ ಲೆನ್ಸ್ ಮೂಲಕ ನೋಡುತ್ತಾ ಶೂಟ್ ಮಾಡಲು ಬರುವುದಿಲ್ಲ, ರಿಂಗಿನ ಗುರುತನ್ನು ನಂಬಬೇಕು. ಸಿಸಿಟಿವಿ ಲೆನ್ಸ್‌ನಲ್ಲಿ ಆ ಗುರುತುಗಳೇ ಸರಿಯಾಗಿ ಇರುವುದಿಲ್ಲ!

ಇದೇ ಕಥೆ ತಿರುಗಿಸಿ ನೋಡಬೇಕಾದರೆ ಬಿ4 ಲೆನ್ಸ್‌ಗಳನ್ನು ನೋಡಿ. ಟಿವಿ ನ್ಯೂಸ್‌ನವರು ಹೆಗಲ ಮೇಲೆ ಹೊರುವ ಕ್ಯಾಮೆರಾದ ದೊಡ್ಡ ಝೂಮ್‌ಗಳಿವು. ಆ ಕ್ಯಾಮೆರಾಗಳಲ್ಲಿ ಬೆಳಕನ್ನು ಕೆಂಪು, ಹಸಿರು, ನೀಲಿ ಅಂತ ಒಡೆದು ಮೂರು ಚಿಪ್‌ಗೆ ಕಳಿಸುವ ದಪ್ಪ ಪ್ರಿಸಂ ಇರುತ್ತದೆ. ಲೆನ್ಸ್ ಮಾಡಿದ್ದೇ ಆ ಗಾಜಿಗೆ. ಮೂರು ಬಣ್ಣಗಳೂ ಕೂದಲೆಳೆ ವ್ಯತ್ಯಾಸದಲ್ಲಿ ಬೇರೆ ಬೇರೆ ದೂರಕ್ಕೆ ಫೋಕಸ್ ಆಗುವ ಹಾಗೆ ಮಾಡಿರುತ್ತಾರೆ, ಯಾಕೆಂದರೆ ಚಿಪ್‌ಗಳನ್ನೂ ಹಾಗೇ ಕೂರಿಸಿರುತ್ತಾರೆ. ಫಿಲಂನಲ್ಲಿ ಮೂರು ಬಣ್ಣದ ಪದರಗಳೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಅಲ್ಲಿ ಗಾಜು ಇಲ್ಲದೆ ಬಿ4 ಹಾಕಿದರೆ ಪೂರ್ತಿ ತೆರೆದಾಗ ಅಂಚುಗಳಲ್ಲಿ ಬಣ್ಣ ಸೋರುತ್ತದೆ. ಬಿ4ನ ಅಂತರ 48 ಮಿ.ಮೀ. ಇರುವುದರಿಂದ ಸಿ ಮೌಂಟ್‌ಗೆ ಅಡಾಪ್ಟರ್ ಮಾಡುವುದು ಬರೀ ಒಂದು ಲೋಹದ ಕೊಳವೆ. ಒಳಗಿರುವ 2ಎಕ್ಸ್ ಎಕ್ಸ್‌ಟೆಂಡರ್ ಹಾಕಿಕೊಂಡರೆ 11 ಮಿ.ಮೀ. ಚಿತ್ರ 22 ಆಗಿ ಸೂಪರ್ 16 ಪೂರ್ತಿ ತುಂಬುತ್ತದೆ. ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಉಳಿಯುವುದು ಕಾಲು ಭಾಗ), ವೈಡ್ ಅನ್ನುವುದು ಉಳಿಯುವುದಿಲ್ಲ, ತೂಕ ತಡೆಯಲು ಕೆಳಗೆ ಆಸರೆ ಬೇಕು. ಕ್ರಿಕೆಟ್ ಮೈದಾನ, ಹಕ್ಕಿ, ದೂರದ ಜಾತ್ರೆ ತೇರು ಇವಕ್ಕೆ ಸರಿ. ಉಳಿದಂತೆ ನನಗೆ ಇದು ಇಷ್ಟವಾಗದ ಜೋಡಿ.

ಗಾಜಿನ ಜೊತೆಗೆ ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಕೆಲವು ಟಿವಿ ಲೆನ್ಸ್‌ಗಳ ಹಿಂಭಾಗ ಥ್ರೆಡ್ ದಾಟಿ ಒಳಕ್ಕೆ ಚಾಚಿಕೊಂಡಿರುತ್ತದೆ. ಬೋಲೆಕ್ಸ್ ರಿಫ್ಲೆಕ್ಸ್‌ನಲ್ಲಿ ಅಲ್ಲೇ ಪ್ರಿಸಂ. ಸುಮ್ನೆ ತಿರುಗಿಸಿದರೆ ಗೀಚುತ್ತದೆ. ಮೂರು ಲೆನ್ಸ್‌ನ ಟರೆಟ್ (ಲೆನ್ಸ್ ಬದಲಿಸಲು ತಿರುಗಿಸುವ ತಟ್ಟೆ) ಇದ್ದರೆ ಅದನ್ನು ತಿರುಗಿಸುವಾಗಲೂ ತಾಗಬಹುದು. ವರ್ನಿಯರ್ ಕ್ಯಾಲಿಪರ್‌ನಿಂದ ಲೆನ್ಸ್ ಹಿಂದೆ ಎಷ್ಟು ಚಾಚಿದೆ ಅಂತ ಅಳೆದು, ಕ್ಯಾಮೆರಾದ ಒಳಗಿನ ಆಳ ಅಳೆದು, ಆಮೇಲೆ ಕೈ ಹಾಕಿ.

ಐರಿಸ್ (ಅಪರ್ಚರ್ ತೆರೆದು ಮುಚ್ಚುವ ಭಾಗ) ವಿಷಯ ಚಿಕ್ಕದು, ಆದರೆ ದುಡ್ಡು ಹೋಗುವುದು ಇಲ್ಲೇ. ಪಕ್ಕದಲ್ಲಿ ತಂತಿ ನೇತಾಡುತ್ತಿದ್ದರೆ ಅದು ಆಟೊ ಐರಿಸ್. ಕ್ಯಾಮೆರಾದಿಂದ ಕರೆಂಟ್ ಬಂದರೆ ತೆರೆಯುತ್ತದೆ, ಇಲ್ಲದಿದ್ದರೆ ಸ್ಪ್ರಿಂಗ್ ಎಳೆದು ಮುಚ್ಚಿಬಿಡುತ್ತದೆ. ಲೆನ್ಸ್ ಮೂಲಕ ನೋಡಿದರೆ ಕತ್ತಲೆ. ಬೋಲೆಕ್ಸ್ ಹತ್ತಿರ ಕೊಡಲು ಕರೆಂಟ್ ಇಲ್ಲ, ಅದು ಸ್ಪ್ರಿಂಗ್ ಕ್ಯಾಮೆರಾ. ಕೈಯಿಂದ ತಿರುಗಿಸುವ ಐರಿಸ್ ರಿಂಗ್ ಇರುವುದನ್ನೇ ಆರಿಸಿ.

'ಟಿವಿ ಲೆನ್ಸ್ ಅಂದರೆ ಶಾರ್ಪ್ ಇರಲ್ಲ' ಅನ್ನುವ ಮಾತು ಕೇಳಿರುತ್ತೀರಿ. ಅರ್ಧ ನಿಜ. ಲೆಕ್ಕ ಹಾಕಿ ನೋಡೋಣ. 625 ಗೆರೆಯ ಹಳೆ ಟಿವಿಯಲ್ಲಿ ಕಾಣುವ ಗೆರೆಗಳು ಸುಮಾರು 575. 1 ಇಂಚಿನ ಟ್ಯೂಬಿನಲ್ಲಿ ಚಿತ್ರದ ಎತ್ತರ 9.6 ಮಿ.ಮೀ. ಮಿಲಿಮೀಟರಿಗೆ 60 ಗೆರೆ, ಅಂದರೆ 30 ಜೋಡಿ ಗೆರೆ ಬಿಡಿಸಿ ತೋರಿಸಿದರೆ ಸಾಕಿತ್ತು. ಇವತ್ತಿನ ಕೊಡಕ್ 50ಡಿ ನೆಗೆಟಿವ್ ಅದಕ್ಕಿಂತ ಎಷ್ಟೋ ಜಾಸ್ತಿ ವಿವರ ಹಿಡಿಯುತ್ತದೆ. ಹಾಗಾಗಿ ಆ ಕಾಲದ ಅಗ್ಗದ ಲೆನ್ಸ್ ಪೂರ್ತಿ ತೆರೆದಾಗ ಮೆತ್ತಗೆ ಕಂಡರೆ ಅದರ ತಪ್ಪಲ್ಲ, ಅದರಿಂದ ಯಾರೂ ಅದಕ್ಕಿಂತ ಜಾಸ್ತಿ ಕೇಳಿರಲಿಲ್ಲ. ಎರಡು ಮೂರು ಸ್ಟಾಪ್ ಮುಚ್ಚಿದರೆ ಅವುಗಳಲ್ಲಿ ಸುಮಾರು ಲೆನ್ಸ್‌ಗಳು ಚೆನ್ನಾಗೇ ಬರುತ್ತವೆ.

ಇನ್ನರ್ಧ ಕಥೆ ಕಾರ್ಖಾನೆಗಳದ್ದು. ಮಾತ್ರೆ ಪಟ್ಟಿ, ಬಾಟಲಿ ಮುಚ್ಚಳ, ಸರ್ಕ್ಯೂಟ್ ಬೋರ್ಡ್ ಪರೀಕ್ಷಿಸುವ ಕ್ಯಾಮೆರಾಗಳು ಇವತ್ತಿಗೂ ಸಿ ಮೌಂಟನ್ನೇ ಬಳಸುತ್ತವೆ. ಅವುಗಳ ಚಿಪ್‌ನಲ್ಲಿ ಒಂದು ಪಿಕ್ಸೆಲ್ 3.45 ಮೈಕ್ರಾನ್ ಇದ್ದರೆ ಮಿಲಿಮೀಟರಿಗೆ 145 ಜೋಡಿ ಗೆರೆವರೆಗೆ ಲೆಕ್ಕ ಹೋಗುತ್ತದೆ. ಅದಕ್ಕೆ ತಕ್ಕ ಲೆನ್ಸ್‌ಗಳು ಗೆರೆಗಳನ್ನು ಬಾಗಿಸದೆ ನೇರವಾಗಿ ತೋರಿಸುತ್ತವೆ. ಐರಿಸ್, ಫೋಕಸ್ ಎರಡೂ ಕೈಯಲ್ಲಿ, ಜೊತೆಗೆ ಬಿಗಿ ಮಾಡುವ ಪುಟ್ಟ ಸ್ಕ್ರೂ. 1.1 ಇಂಚು ಅಂತ ಬರೆದದ್ದರ ಕರ್ಣ 17.6 ಮಿ.ಮೀ., ಸೂಪರ್ 16ಕ್ಕೆ ಧಾರಾಳ. ದುಡ್ಡು ಹಾಕುವುದಾದರೆ ನಾನು ಇದಕ್ಕೇ ಹಾಕುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 'ಸಿಸಿಟಿವಿ ಲೆನ್ಸ್' ಅಂತ ಕೇಳಿ ತರುವುದಕ್ಕಿಂತ ವಾಸಿ. ಈಗಿನ ಡೋಮ್ ಕ್ಯಾಮೆರಾಗಳ ಒಳಗಿರುವುದು ಹೆಚ್ಚಾಗಿ 12 ಮಿ.ಮೀ. ಥ್ರೆಡ್‌ನ, ಬೆರಳ ತುದಿಯಷ್ಟರ ಲೆನ್ಸ್. ನಮಗೆ ಉಪಯೋಗ ಇಲ್ಲ.

ಸೂಪರ್ 8 ಕ್ಯಾಮೆರಾ ಇರುವವರು ಇಷ್ಟು ಓದಿ ಬೇಜಾರಾಗಿರಬಹುದು. ಅವರಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆಯೇ ಇಲ್ಲ, ಲೆನ್ಸ್ ಕ್ಯಾಮೆರಾಗೆ ಅಂಟಿಕೊಂಡೇ ಬಂದಿರುತ್ತದೆ. ಫ್ರಾನ್ಸ್‌ನ ಬೋಲಿಯು 4008 ಥರದ ಕೆಲವು ಮಾತ್ರ ಸಿ ಮೌಂಟ್. ಅವುಗಳಿಗೆ 1/2 ಇಂಚಿನ ಲೆನ್ಸ್ ಸಾಕು, ಸಿಎಸ್ ಅಲ್ಲದಿದ್ದರೆ. ಹಳೆಯ ಡಬಲ್ 8 ಕ್ಯಾಮೆರಾಗಳ ಡಿ ಮೌಂಟ್‌ನಲ್ಲಿ ಅಂತರ 12.29 ಮಿ.ಮೀ., ಥ್ರೆಡ್ 5/8 ಇಂಚು. ಸಿ ಲೆನ್ಸ್‌ಗೆ ಅಡಾಪ್ಟರ್ ಸಿಗುತ್ತದೆ. ಸಿಎಸ್ ಆದರೆ ಉಳಿಯುವ ಜಾಗ ಕಾಲು ಮಿಲಿಮೀಟರಿಗೂ ಕಡಿಮೆ, ಅಷ್ಟರಲ್ಲಿ ಅಡಾಪ್ಟರ್ ಕಟ್ಟಲು ಆಗದು.

ಎಲ್ಲ ಸರಿ ಅನ್ನಿಸಿದ ಮೇಲೆ ಗೇಟ್‌ನಲ್ಲೇ, ಅಂದರೆ ಫಿಲಂ ಮೇಲೆ ಚಿತ್ರ ಬೀಳುವ ಕಿಂಡಿಯಲ್ಲೇ, ಒಮ್ಮೆ ನೋಡಿಬಿಡಿ. ಬೋಲೆಕ್ಸ್‌ನಲ್ಲಿ ಫಿಲಂ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಬಿಚ್ಚಿ. ಫಿಲಂ ಹಾಯುವ ಜಾಗದಲ್ಲಿ ಮಬ್ಬು ಸೆಲ್ಲೊಟೇಪಿನ ತುಂಡು ಅಂಟಿಸಿ. ಶಟರ್ ಟಿ ಗುರುತಿಗೆ ಹಾಕಿ ತೆರೆದಿಟ್ಟು, ಹಲ್ಲಿನ ಡಾಕ್ಟರ್ ಹತ್ತಿರ ಇರುವಂಥ ಪುಟ್ಟ ಕನ್ನಡಿ ಹಿಡಿದು ಹಿಂದಿನಿಂದ ನೋಡಿ. ದೂರದ ಟವರ್‌ನ ಕಂಬಿಗಳು ಟೇಪ್ ಮೇಲೆ ಬಿಡಿಬಿಡಿಯಾಗಿ ಕಾಣಬೇಕು, ರಿಫ್ಲೆಕ್ಸ್ ಆದರೆ ಅದೇ ಹೊತ್ತಿಗೆ ವ್ಯೂಫೈಂಡರ್‌ನಲ್ಲೂ ಹಾಗೇ ಕಾಣಬೇಕು. ಒಂದರಲ್ಲಿ ಸರಿ, ಇನ್ನೊಂದರಲ್ಲಿ ಮಂಜು ಅಂದರೆ ನಂಬಬೇಕಾದ್ದು ಟೇಪನ್ನು. ಟೇಪ್ ತೆಗೆದ ಮೇಲೆ ಗೋಂದು ಉಳಿಯದ ಹಾಗೆ ಗೇಟ್ ಒರೆಸಿ. ಮಲೆನಾಡು, ಕರಾವಳಿ ಕಡೆಯಿಂದ ಬಂದ ಲೆನ್ಸ್ ಆದರೆ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಹಬ್ಬಿದೆಯಾ ಅಂತಲೂ ನೋಡಿ.

ಬೆಳಕಿನ ಲೆಕ್ಕ ಒಂದು ಬಾಕಿ. ಬೋಲೆಕ್ಸ್ ರಿಫ್ಲೆಕ್ಸ್ 24 ಫ್ರೇಮ್‌ನಲ್ಲಿ ಓಡುವಾಗ ಎಕ್ಸ್‌ಪೋಷರ್ 1/65 ಸೆಕೆಂಡು. ಪ್ರಿಸಂ ತಿನ್ನುವ ಬೆಳಕನ್ನೂ ಸೇರಿಸಿ ಮೀಟರನ್ನು 1/80ಕ್ಕೆ ಇಡುವುದು ರೂಢಿ. ನಡು ಮಧ್ಯಾಹ್ನದ ಬಿಸಿಲಲ್ಲಿ 250ಡಿ ಫಿಲಂ (ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು) ಹಾಕಿದರೆ ಎಫ್ 22ಕ್ಕಿಂತಲೂ ಮುಚ್ಚಬೇಕು ಅನ್ನುತ್ತದೆ. ಟಿವಿ ಲೆನ್ಸ್‌ಗಳಲ್ಲಿ ಹೆಚ್ಚಿನವು ಎಫ್ 16ಕ್ಕೇ ನಿಂತುಬಿಡುತ್ತವೆ. ಅದಕ್ಕೆ ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಬೇಕು, ಇಲ್ಲವೇ 50ಡಿ ಹಾಕಬೇಕು. ಅದರಲ್ಲಾದರೆ ಎಫ್ 11 ಮತ್ತು 16ರ ನಡುವೆ ಸಾಕು. ಈ ಪುಟ್ಟ ಲೆನ್ಸ್‌ಗಳ ಫಿಲ್ಟರ್ ಥ್ರೆಡ್ ಒಂದೊಂದಕ್ಕೆ ಒಂದೊಂದು, 27 ಅಥವಾ 30.5 ಮಿ.ಮೀ. ಥರದ್ದು. ಒಂದು ಸ್ಟೆಪ್ ಅಪ್ ರಿಂಗ್ ಕೊಂಡು ಎಲ್ಲಕ್ಕೂ ಒಂದೇ ಅಳತೆಯ ಫಿಲ್ಟರ್ ಇಟ್ಟುಕೊಂಡರೆ ಖರ್ಚು ಉಳಿಯುತ್ತದೆ.

100 ಅಡಿ ಫಿಲಂ ಓಡುವುದು 2 ನಿಮಿಷ 46 ಸೆಕೆಂಡು ಮಾತ್ರ. ಮೊದಲ ರೋಲನ್ನು ಕಥೆಗೆ ಇಡಬೇಡಿ, ಲೆನ್ಸ್‌ಗಳಿಗೇ ಕೊಟ್ಟುಬಿಡಿ. ಒಂದೊಂದರಲ್ಲಿ ಪೂರ್ತಿ ತೆರೆದು ಐದು ಸೆಕೆಂಡು, ಎಫ್ 4ರಲ್ಲಿ ಐದು, ಎಫ್ 8ರಲ್ಲಿ ಐದು. ಪ್ರತಿ ಸಲವೂ ಲೆನ್ಸ್ ಹೆಸರು, ಸ್ಟಾಪ್, ಅಳತೆ ಟೇಪಿನಿಂದ ಅಳೆದ ದೂರ ಮೂರನ್ನೂ ಸ್ಲೇಟಿನ ಮೇಲೆ ಬರೆದು ಫ್ರೇಮಿನ ಒಂದು ಮೂಲೆಯಲ್ಲಿ ಇಡಿ.